ಪದವಿ ಬರದ ಮಹಾಪ್ರಬಂಧ

ದೊಡ್ಡನೆಕ್ಕುಂದಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರ ಮಗಳು ರಸಾಯನ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಒಂದು ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ನನ್ನನ್ನು ಕಂಡು, "ಅಂಕಲ್, ನೀವೂ ಬಿ.ಎಸ್‌ಸಿ. ಓದಿದವರಲ್ವಾ, ಒಂದು ವಿಷಯ ಕೇಳ್ಲಾ?" ಎಂದಳು. ಎರಡು ವರ್ಷ ಅವಳು ಮಾಡಿದ ಕೆಲಸ ಒಂದು ಲೇಖನವಾಗಿ ಅಚ್ಚಾಗಿದೆ. ಲೇಖಕರ ಸಾಲಿನಲ್ಲಿ ಅವಳ ಹೆಸರು ಮೂರನೆಯದು. ಮೊದಲ ಹೆಸರು ಆ ಉಪಕರಣವನ್ನು ಒಂದು ದಿನವೂ ಮುಟ್ಟದ ಹಿರಿಯ ವಿದ್ಯಾರ್ಥಿಯದು.

"ಜಗಳ ಆಡೋಕೆ ನನಗಿಷ್ಟ ಇಲ್ಲ ಅಂಕಲ್. ಆದ್ರೆ ಇದನ್ನ ಕೇಳ್ಬಹುದಾ, ಕೇಳೋದಾದ್ರೆ ಹೇಗೆ ಕೇಳ್ಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟೇ ಇಲ್ವಲ್ಲ. ಸ್ಪೆಕ್ಟ್ರೋಮೀಟರ್ ನಡೆಸೋದು ಹೇಳಿಕೊಟ್ರು, ಅಷ್ಟೆ."

ನನಗೆ ಆಗ ಉತ್ತರ ಹೊಳೆಯಲಿಲ್ಲ. ಎಚ್.ಎ.ಎಲ್. ವಿಮಾನ ನಿಲ್ದಾಣದ ಕಡೆಗೆ ಇಳಿಯುತ್ತಿದ್ದ ಒಂದು ವಿಮಾನವನ್ನು ಇಬ್ಬರೂ ನೋಡುತ್ತಾ ನಿಂತೆವು. ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಂಡಾಗ ಅರ್ಧ ಗಂಟೆಯ ಅವಧಿ ಸಾಲದೆ ಹೋಯಿತು. ಕ್ಯಾಮೆರಾದ ಮುಂದೆ ಹೇಳಲಾಗದೆ ಉಳಿದ ಹಳೆಯ ಸಂಗತಿಗಳನ್ನು ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾರಸಿಯಿಂದ ಪಶ್ಚಿಮಕ್ಕೆ ಹೊರಟು ಕಗ್ಗದಾಸಪುರ ದಾಟಿದರೆ ಸಿಗುವ ಬಡಾವಣೆಯ ಹೆಸರು ಸಿ.ವಿ. ರಾಮನ್ ನಗರ. ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು ಅಲ್ಲಿವೆ. ದಕ್ಷಿಣಕ್ಕೆ ವಿಮಾನಪುರದ ಸುತ್ತ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿ ಸುರಂಗಗಳಿವೆ. ಮಾರತ್ತಹಳ್ಳಿಯ ಬಳಿ ಹೊರ ವರ್ತುಲ ರಸ್ತೆಯ ಪಕ್ಕದಲ್ಲೇ ಇಸ್ರೋ ತನ್ನ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಕೇಂದ್ರವಿದೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಒಂದು ಕಲ್ಲೆಸೆದರೆ ಒಬ್ಬ ಸಂಶೋಧಕನ ಮನೆಯ ಮೇಲೆ ಬೀಳುತ್ತದೆ ಎಂದು ನಾವು ತಮಾಷೆ ಮಾಡುವುದುಂಟು. ಇಷ್ಟೆಲ್ಲ ಸಂಶೋಧಕರು ತಮ್ಮ ವೃತ್ತಿಯ ನಡತೆಯನ್ನು ಕಲಿತದ್ದು ಎಲ್ಲಿ? ಯಾವ ಪಠ್ಯಪುಸ್ತಕದಿಂದ?

ಪಠ್ಯಪುಸ್ತಕ ಇರಲಿಲ್ಲ ಎಂಬುದೇ ನಿಜವಾದ ಉತ್ತರ. ಬಡಗಿಯ ಮಗ ಉಳಿ ಹಿಡಿಯುವುದನ್ನು ಅಪ್ಪನ ಪಕ್ಕದಲ್ಲಿ ನಿಂತು ಕಲಿಯುವಂತೆ ಸಂಶೋಧನೆಯ ವಿದ್ಯಾರ್ಥಿಯೂ ಗುರುವಿನ ಪಕ್ಕದಲ್ಲಿ ನಿಂತೇ ಕಲಿಯಬೇಕಾಗಿತ್ತು. ಈ ಪದ್ಧತಿ ರೂಪು ತಳೆದದ್ದು ಜರ್ಮನಿಯಲ್ಲಿ. 1820ರ ದಶಕದಲ್ಲಿ ಗೀಸೆನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾನಿಲಯದಲ್ಲಿ ಯುಸ್ಟಸ್ ಲೀಬಿಗ್ ಎಂಬ ತರುಣ ಪ್ರಾಧ್ಯಾಪಕ ವಿದ್ಯಾರ್ಥಿಗಳನ್ನು ಉಪನ್ಯಾಸದ ಬೆಂಚಿನಿಂದ ಎಬ್ಬಿಸಿ ಪ್ರಯೋಗಾಲಯದೊಳಗೆ ಕರೆತಂದ. ಒಬ್ಬೊಬ್ಬರಿಗೂ ಒಂದೊಂದು ಸಮಸ್ಯೆ ಕೊಟ್ಟು ಅವರಿಂದಲೇ ಬಿಡಿಸಿದ. ಸಂಶೋಧನೆಯ ಪದವಿ ಅಮೆರಿಕದ ಯೇಲ್‌ಗೆ ಬಂದದ್ದು 1861ರಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಅದನ್ನು ಒಪ್ಪಿಕೊಂಡದ್ದು 1917ರಲ್ಲಿ.

ಈ ಪರಂಪರೆಯ ಒಂದು ಎಳೆ ಬೆಂಗಳೂರಿಗೂ ಬಂತು. ಸ್ಕಾಟ್ಲೆಂಡಿನ ವಿಲಿಯಂ ರಾಮ್ಸೆ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಪದವಿ ಪಡೆದವರು. ಅವರ ಜೊತೆ ಲಂಡನ್ನಿನಲ್ಲಿ ದುಡಿದ ಮಾರಿಸ್ ಟ್ರಾವರ್ಸ್ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳ ಪತ್ತೆಯಲ್ಲಿ ಪಾಲುದಾರರು. ಜೆ.ಎನ್. ಟಾಟಾ ಅವರು ಕನಸಿದ ಸಂಸ್ಥೆಗೆ ಬೆಂಗಳೂರು ತಕ್ಕ ಜಾಗವೆಂದು ಶಿಫಾರಸು ಮಾಡಿದವರು ಅದೇ ರಾಮ್ಸೆ. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕರಾಗಿ ಬಂದವರು ಅದೇ ಟ್ರಾವರ್ಸ್. ಮೈಸೂರು ಅರಸರು 371 ಎಕರೆ ಜಾಗ ಕೊಟ್ಟರು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಊರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದರು. ಹಳಬರು ಈಗಲೂ ಹಾಗೆಯೇ ಅನ್ನುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ, ಮುಂದಿನ ಕಥೆಗೆ ಅದು ಬೇಕು. ಈ ಸಂಸ್ಥೆಗೆ ಆಗ ಪಿಎಚ್.ಡಿ. ಕೊಡುವ ಅಧಿಕಾರ ಇರಲಿಲ್ಲ. ಇಲ್ಲಿ ದುಡಿದವರು ತಮ್ಮ ಮಹಾಪ್ರಬಂಧವನ್ನು ಮದರಾಸು, ಮುಂಬಯಿಗಳಂಥ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸಿ ಪದವಿ ಪಡೆಯಬೇಕಾಗಿತ್ತು. ವಿಶ್ವವಿದ್ಯಾನಿಲಯಕ್ಕೆ ಸಮನಾದ ಸ್ಥಾನ ಸಂಸ್ಥೆಗೆ ಸಿಕ್ಕಿದ್ದು 1958ರಲ್ಲಿ.

1933ರಲ್ಲಿ ಚಂದ್ರಶೇಖರ ವೆಂಕಟ ರಾಮನ್ ನಿರ್ದೇಶಕರಾದರು, ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ. ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷವಾಗಿತ್ತು. ಅದೇ ವರ್ಷ ಮುಂಬಯಿಯಿಂದ ಒಂದು ಅರ್ಜಿ ಬಂತು. ಅರ್ಜಿದಾರಳು ಕಮಲಾ ಭಾಗವತ್, ಬಿ.ಎಸ್‌ಸಿ.ಯಲ್ಲಿ ವಿಶ್ವವಿದ್ಯಾನಿಲಯಕ್ಕೇ ಮೊದಲಿಗಳು. ಅವಳ ತಂದೆ ಮತ್ತು ಚಿಕ್ಕಪ್ಪ ಇದೇ ಸಂಸ್ಥೆಯಲ್ಲಿ ರಸಾಯನ ವಿಜ್ಞಾನ ಓದಿದವರು. ಆದರೂ ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಕಾರಣ ಒಂದೇ: ಅರ್ಜಿ ಹಾಕಿದವಳು ಹೆಣ್ಣು.

ಕಮಲಾ ಬೆಂಗಳೂರಿಗೆ ಬಂದು ರಾಮನ್ನರ ಎದುರಿಗೇ ನಿಂತರು. ಗಾಂಧೀಜಿಯವರ ಸತ್ಯಾಗ್ರಹದ ಕಾಲ ಅದು, ಆಕೆಯೂ ಪಟ್ಟು ಬಿಡಲಿಲ್ಲ. ಕೊನೆಗೆ ರಾಮನ್ ಷರತ್ತುಗಳ ಮೇಲೆ ಒಪ್ಪಿದರು. ಮೊದಲ ವರ್ಷ ಪರೀಕ್ಷಾರ್ಥ ಪ್ರವೇಶ, ಕೆಲಸ ತೃಪ್ತಿ ತಂದರೆ ಮಾತ್ರ ಅದಕ್ಕೆ ಮಾನ್ಯತೆ. ಮಾರ್ಗದರ್ಶಕರು ಹೇಳಿದಾಗ ತಡರಾತ್ರಿಯವರೆಗೂ ದುಡಿಯಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಎಂದರೆ ಅಲ್ಲಿನ ಗಂಡಸರ ಗಮನ ಚೆದುರಿಸಬಾರದು! ಇಂಥ ಷರತ್ತನ್ನು ಯಾವ ಹುಡುಗನಿಗೂ ಹಾಕಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಆ ವರ್ಷ ಕಮಲಾಗೆ ಮಾರ್ಗದರ್ಶಕರಾಗಿದ್ದವರು ಎಂ. ಶ್ರೀನಿವಾಸಯ್ಯ, ಜೀವರಸಾಯನ ವಿಜ್ಞಾನಿ, ಶಿಸ್ತಿನ ಮನುಷ್ಯ. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಆಕೆ ಕೆಲಸ ಮಾಡಿದರು. ವರ್ಷದ ಕೊನೆಗೆ ರಾಮನ್ ಒಪ್ಪಿಕೊಳ್ಳಬೇಕಾಯಿತು, ಮುಂದೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಮಲಾ 1936ರಲ್ಲಿ ಎಂ.ಎಸ್‌ಸಿ. ಮುಗಿಸಿ ಕೇಂಬ್ರಿಜ್‌ಗೆ ಹೋದರು. ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್-ಸಿ ಎಂಬ ವಸ್ತುವನ್ನು ಆಲೂಗೆಡ್ಡೆಯಲ್ಲಿ ಪತ್ತೆ ಮಾಡಿ, ಪುಟ್ಟದೊಂದು ಮಹಾಪ್ರಬಂಧ ಬರೆದು, 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಕಮಲಾ ಸೊಹೊನಿ ಅವರನ್ನು ಇಂದು ಗುರುತಿಸುತ್ತೇವೆ. ಆ ಒಂದು ವರ್ಷದ ಅವಮಾನವನ್ನು ಮಾತ್ರ ಆಕೆ ಮುಪ್ಪಿನವರೆಗೂ ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ.

ರಾಮನ್ ಬೇರೆಯವರನ್ನು ಹೇಗೆ ಬರಮಾಡಿಕೊಂಡರು ಎಂಬುದನ್ನೂ ನೋಡಿ. 1942ರಲ್ಲಿ ಜಿ.ಎನ್. ರಾಮಚಂದ್ರನ್ ಎಂಬ ಹುಡುಗ ವಿದ್ಯುತ್ ಇಂಜಿನಿಯರಿಂಗ್ ಓದಲು ಬಂದ. ಭೌತವಿಜ್ಞಾನದ ಕಡೆ ಅವನ ಒಲವು ಕಂಡ ರಾಮನ್, ಇವನು ನಿಮ್ಮ ವಿಭಾಗಕ್ಕೆ ಮೀರಿದ ಜಾಣ ಎಂದು ಅಲ್ಲಿನ ಮುಖ್ಯಸ್ಥರಿಗೆ ಹೇಳಿ ತಮ್ಮ ವಿಭಾಗಕ್ಕೆ ಎಳೆದುಕೊಂಡರು ಎಂಬ ಕಥೆ ಪ್ರಸಿದ್ಧ. ಮುಂದೆ ಪ್ರೋಟೀನುಗಳ ರಚನೆಯ ಅಧ್ಯಯನದಲ್ಲಿ ಲೋಕವಿಖ್ಯಾತರಾದವರು ಇವರೇ. ಒಬ್ಬ ಗುರುವಿನ ಬಾಗಿಲು ಒಬ್ಬರಿಗೆ ಇಷ್ಟು ಸಲೀಸಾಗಿ, ಇನ್ನೊಬ್ಬರಿಗೆ ಅಷ್ಟು ಕಷ್ಟದಿಂದ ತೆರೆಯಿತು.

ನನ್ನ ಮನಸ್ಸಿನಲ್ಲಿ ಹೆಚ್ಚು ಹೊತ್ತು ನಿಲ್ಲುವ ಕಥೆ ಮಾತ್ರ ಅಣ್ಣಾ ಮಣಿ ಅವರದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿಗೆ ಬಂದರು. ರಾಮನ್ ಆಗ ನಿರ್ದೇಶಕರ ಕುರ್ಚಿ ಬಿಟ್ಟು ಮೂರು ವರ್ಷವಾಗಿತ್ತು, ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ವಜ್ರದ ಹುಚ್ಚು ಅವರನ್ನು ಹಿಡಿದಿದ್ದ ಕಾಲ. ಅಣ್ಣಾ ಮಣಿ ಅವರಿಗೆ ಸಿಕ್ಕ ಕೆಲಸವೂ ವಜ್ರದ್ದೇ.

ಆ ಪ್ರಯೋಗ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಜ್ರದ ಮೇಲೆ ನೇರಳಾತೀತ ಬೆಳಕು ಬಿದ್ದಾಗ ಕೆಲವು ವಜ್ರಗಳು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆಯುತ್ತವೆ, ಕೆಲವು ಹೊಳೆಯುವುದೇ ಇಲ್ಲ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತೇವೆ. ಈ ಹೊಳಪನ್ನು ಪಟ್ಟಕದ ಮೂಲಕ ಹಾಯಿಸಿ ಬಿಡಿಸಿದರೆ ರೋಹಿತ ಸಿಗುತ್ತದೆ. ಅದರಲ್ಲಿ ಯಾವ ಅಲೆಯುದ್ದದಲ್ಲಿ ಗೆರೆ ಬಿದ್ದಿದೆ ಎಂದು ಅಳೆದರೆ ವಜ್ರದ ಒಳಗಿನ ರಚನೆಯ ಸುಳಿವು ಸಿಕ್ಕೀತು. ಆದರೆ ಹೊಳಪು ಬಹಳ ಮಂದ. ಗೆರೆಗಳು ಸ್ಪಷ್ಟವಾಗಿ ಕಾಣಬೇಕಾದರೆ ವಜ್ರವನ್ನು ದ್ರವ ಗಾಳಿಯ ಕಡುಚಳಿಯಲ್ಲಿ ಇಡಬೇಕು. ಛಾಯಾಚಿತ್ರದ ಪ್ಲೇಟಿನ ಮೇಲೆ ಗುರುತು ಮೂಡಲು ಕೆಲವು ವಜ್ರಗಳಿಗೆ 15ರಿಂದ 20 ಗಂಟೆ ಬೇಕು. ಅಷ್ಟು ಹೊತ್ತೂ ದೀಪ, ತಣಿವು, ಜೋಡಣೆ ಯಾವುದೂ ಕದಲಬಾರದು. ಈಗಿನಂತೆ ಕಂಪ್ಯೂಟರಿಗೆ ವಹಿಸಿ ಮನೆಗೆ ಹೋಗುವಂತಿರಲಿಲ್ಲ. ಅಣ್ಣಾ ಮಣಿ ಎಷ್ಟೋ ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದರು. ಹೀಗೆ ಒಂದಲ್ಲ ಎರಡಲ್ಲ, 30ಕ್ಕೂ ಹೆಚ್ಚು ವಜ್ರಗಳು.

ರಾಮನ್ನರ ಪ್ರಯೋಗಾಲಯದಲ್ಲಿ ಹೆಣ್ಣು ಗಂಡುಗಳ ನಡುವೆ ಮಾತುಕತೆಗೆ ಕಟ್ಟುಪಾಡಿತ್ತು. ಸಂಶೋಧನೆಯ ಅರ್ಧ ಬೆಳೆಯುವುದು ಕಾಫಿ ಕುಡಿಯುತ್ತಾ ನಡೆಯುವ ವಾದದಲ್ಲಿ. ನಿನ್ನ ಪ್ಲೇಟು ಯಾಕೆ ಹೀಗೆ ಬಂದಿದೆ, ನನ್ನದು ಯಾಕೆ ಹಾಗೆ ಎಂದು ಕೇಳುವುದರಲ್ಲಿ. ಆ ಪಾಲಿನಿಂದ ಹೆಣ್ಣುಮಕ್ಕಳು ಹೊರಗುಳಿದರು.

ಆದರೆ ಅದೇ ಪ್ರಯೋಗಾಲಯದ ಇನ್ನೊಂದು ಮುಖವಿದೆ. 1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯದ ಹೊಳಪಿನ ಬಗ್ಗೆ ಅಣ್ಣಾ ಮಣಿ ಐದು ಲೇಖನಗಳನ್ನು ಪ್ರಕಟಿಸಿದರು. ಐದಕ್ಕೂ ಲೇಖಕರು ಒಬ್ಬರೇ. ರಾಮನ್ನರ ಹೆಸರು ಜೊತೆಗಿಲ್ಲ. ಸಮಸ್ಯೆ ಗುರುವಿನದು, ವಜ್ರಗಳೂ ಗುರು ಒದಗಿಸಿದವು, ಆದರೆ ರಾತ್ರಿಗಳು ವಿದ್ಯಾರ್ಥಿನಿಯವು, ಆದ್ದರಿಂದ ಲೇಖನವೂ ಅವಳದು. ಈ ಲೆಕ್ಕವನ್ನು ಇಂದು ಎಷ್ಟು ಪ್ರಯೋಗಾಲಯಗಳಲ್ಲಿ ಹಾಕುತ್ತಾರೆ? ಕಮಲಾ ಭಾಗವತರಿಗೆ ಬಾಗಿಲು ಹಾಕಿದ ರಾಮನ್ನರೂ, ಶಿಷ್ಯೆಯ ಲೇಖನದಿಂದ ತಮ್ಮ ಹೆಸರನ್ನು ದೂರವಿಟ್ಟ ರಾಮನ್ನರೂ ಒಬ್ಬರೇ. ಒಂದನ್ನು ಮರೆತು ಇನ್ನೊಂದನ್ನು ಮಾತ್ರ ಹೇಳಿದರೆ ಇತಿಹಾಸವಾಗುವುದಿಲ್ಲ.

1945ರ ಆಗಸ್ಟಿನಲ್ಲಿ ಅಣ್ಣಾ ಮಣಿ ತಮ್ಮ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಅವರಿಗೆ ಎಂ.ಎಸ್‌ಸಿ. ಪದವಿ ಇಲ್ಲ, ಆದ್ದರಿಂದ ಪಿಎಚ್.ಡಿ. ಕೊಡಲಾಗದು ಎಂಬ ಉತ್ತರ ಬಂತು. ಆನರ್ಸ್ ಪದವಿ ಇತ್ತು, ಐದು ವರ್ಷದ ದುಡಿಮೆ ಇತ್ತು, ಅಚ್ಚಾದ ಐದು ಲೇಖನ ಇತ್ತು. ಒಂದು ಕಾಗದ ಇರಲಿಲ್ಲ.

ಆ ಕಾಗದ ಇಲ್ಲದ್ದರಿಂದ ತನ್ನ ಬದುಕಿಗೆ ಏನೂ ಕಡಿಮೆಯಾಗಲಿಲ್ಲ ಎಂದು ಆಕೆ ಮುಂದೆ ನಿರಾಳವಾಗಿ ಹೇಳುತ್ತಿದ್ದರಂತೆ. ಅವರ ದೊಡ್ಡ ಮನಸ್ಸು ಅದು. ಅದರಿಂದ ವಿಶ್ವವಿದ್ಯಾನಿಲಯ ಮಾಡಿದ್ದು ಸರಿ ಎಂದಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಒದಗಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಅಲ್ಲಿಯವರೆಗೆ ಸಾಧಾರಣ ತಾಪಮಾಪಕಗಳನ್ನು ಕೂಡ ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದ ನಾವು ನಮ್ಮವನ್ನೇ ತಯಾರಿಸುವಂತಾಗಲು ಅವರ ತಂಡ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿತು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೂರ್ಯನ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ದೇಶದಲ್ಲಿ ಕಟ್ಟಿದರು. ವಜ್ರದ ಮುಂದೆ 20 ಗಂಟೆ ಕಾದವರಿಗೆ ಅಳತೆ ಎಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೇ ಬಂದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಕಾಲ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಇದೇ ಊರಿನಲ್ಲಿ ನಡೆಸಿದರು. 2001ರಲ್ಲಿ ತೀರಿಕೊಂಡರು.

ಅವರ ವಜ್ರಗಳ ಕೆಲಸ ಏನಾಯಿತು? ಹೊಳಪು ವಜ್ರದ ಸ್ವಂತ ರಚನೆಯಿಂದಲೇ ಬರುತ್ತದೆ, ಕಲಬೆರಕೆಯಿಂದಲ್ಲ ಎಂದು ರಾಮನ್ ನಂಬಿದ್ದರು. ಶಿಷ್ಯರ ವಿವರಣೆಗಳೂ ಗುರುವಿನ ನಂಬಿಕೆಯ ನೆರಳಿನಲ್ಲೇ ಇದ್ದವು. 1959ರಲ್ಲಿ ವಜ್ರಗಳೊಳಗೆ ನೈಟ್ರೋಜನ್ ಇರುವುದು ಪತ್ತೆಯಾದ ಮೇಲೆ ಆ ವಿವರಣೆ ಉಳಿಯಲಿಲ್ಲ. ನೀಲಿ ಹೊಳಪಿನ 4152 ಆಂಗ್‌ಸ್ಟ್ರಾಂ ಗೆರೆ ಮೂರು ನೈಟ್ರೋಜನ್ ಪರಮಾಣುಗಳ ನಡುವೆ ಒಂದು ಇಂಗಾಲದ ಜಾಗ ಖಾಲಿ ಇರುವುದರಿಂದ ಮೂಡುತ್ತದೆ ಎಂದು ಇಂದು ಗೊತ್ತಿದೆ. ಆದರೆ ಗೆರೆ ಇದ್ದಲ್ಲೇ ಇದೆ. ರತ್ನ ಪರೀಕ್ಷಕರು ಇಂದಿಗೂ ವಜ್ರವನ್ನು ಪರಿಶೀಲಿಸುವಾಗ ಆ ಗೆರೆಯನ್ನು ಹುಡುಕುತ್ತಾರೆ. ಕಂಡದ್ದು ಬೇರೆ, ಕಂಡದ್ದಕ್ಕೆ ಕೊಟ್ಟ ಕಾರಣ ಬೇರೆ. ಅಣ್ಣಾ ಮಣಿ ಎರಡನ್ನೂ ಬೆರೆಸದೆ ಬರೆದಿಟ್ಟಿದ್ದರಿಂದ ಕಾರಣ ಬಿದ್ದುಹೋದರೂ ಕಂಡದ್ದು ಉಳಿಯಿತು.

ಇಲ್ಲಿ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಬಿ.ಎಸ್‌ಸಿ. ಎರಡನೆಯ ವರ್ಷದ ಪ್ರಾಯೋಗಿಕ ತರಗತಿಯಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕಿತ್ತು. ಬರಬೇಕಾದದ್ದು 9.8, ನನಗೆ ಬಂದದ್ದು 9.3. ನಾವೆಲ್ಲ ಮಾಡುತ್ತಿದ್ದುದನ್ನೇ ನಾನೂ ಮಾಡಿದೆ, ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ ರೀಡಿಂಗುಗಳನ್ನು 'ಕುಕ್' ಮಾಡಿದೆ. ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ರಫ್ ನೋಟ್ ಪುಸ್ತಕ ತೋರಿಸು ಎಂದರು. ಅದರಲ್ಲಿ ಹಳೆಯ ಅಂಕಿಗಳು ಹಾಗೆಯೇ ಇದ್ದವು. "9.3 ಬಂದಿದ್ರೆ ಯಾಕೆ ಬಂತು ಅಂತ ಹುಡುಕಬೇಕಿತ್ತು ಕಣಯ್ಯ. ಪ್ರಯೋಗ ಅಂದ್ರೆ ಅದೇ. 9.8 ಪುಸ್ತಕದಲ್ಲೇ ಇದೆ, ಅದಕ್ಕೆ ನೀನು ಯಾಕೆ ಬೇಕು?" ಎಂದರು. ಲೋಲಕದ ಉದ್ದ ಅಳೆಯುವಾಗ ಗುಂಡಿನ ತ್ರಿಜ್ಯವನ್ನು ಬಿಟ್ಟಿದ್ದೆ ಎಂಬುದು ಆಮೇಲೆ ತಿಳಿಯಿತು. ಮಿತ್ರರೇ, ನಿಮ್ಮಲ್ಲಿ ಎಷ್ಟು ಜನ ಈ ವಾರ ರೀಡಿಂಗ್ ತಿದ್ದಿದ್ದೀರಿ ಎಂದು ನಾನು ಕೇಳುವುದಿಲ್ಲ.

ಗುರುವೇ ತಪ್ಪಿದಾಗ ಶಿಷ್ಯ ಏನು ಮಾಡಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. 1935ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ನರೇ ಬೆಂಗಳೂರಿಗೆ ಕರೆಸಿಕೊಂಡರು, ಇಲ್ಲೇ ಉಳಿಸಿಕೊಳ್ಳಲು ಹೋರಾಡಿದರು, ಆಗಲಿಲ್ಲ. ಮುಂದೆ ಹರಳುಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬ ಬಗ್ಗೆ ಇವರಿಬ್ಬರಿಗೂ ದೊಡ್ಡ ವಾಗ್ವಾದ ಹುಟ್ಟಿ ವರ್ಷಗಟ್ಟಲೆ ನಡೆಯಿತು. ಕಾಲ ಎತ್ತಿಹಿಡಿದದ್ದು ಬಾರ್ನ್ ಅವರ ಸಿದ್ಧಾಂತವನ್ನು. ರಾಮನ್ ಕೊನೆಯವರೆಗೂ ಪಟ್ಟು ಸಡಿಲಿಸಲಿಲ್ಲ. ಅಂಥ ಗುರುವಿನ ಕೋಣೆಯಲ್ಲಿ ಎದ್ದು ನಿಂತು, ಸರ್, ನನಗೆ ಹಾಗನ್ನಿಸುವುದಿಲ್ಲ ಎನ್ನುವುದು ಇಪ್ಪತ್ತೆರಡು ವರ್ಷದ ಹುಡುಗನಿಗೆ ಸುಲಭವೇ? ನಮ್ಮ ಮನೆಗಳಲ್ಲಿ ಹಿರಿಯರಿಗೆ ಎದುರಾಡುವುದನ್ನು ಅವಿಧೇಯತೆ ಎಂದೇ ಕಲಿಸುತ್ತೇವೆ. ಪ್ರಯೋಗಾಲಯದೊಳಗೆ ಕಾಲಿಟ್ಟ ದಿನ ಅದೊಂದನ್ನು ಹೊಸಿಲ ಹೊರಗೆ ಬಿಟ್ಟು ಬಾ ಎಂದು ಹೇಳುವವರು ಬೇಕು. ಹಾಗೆ ಹೇಳಬೇಕಾದವರು ಗುರುಗಳೇ ಅಲ್ಲವೇ?

ಹಾಗೆ ಹೇಳದೆ, ನಡೆದು ತೋರಿಸಿದವರು ಸತೀಶ್ ಧವನ್. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ 1951ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ವೈಮಾನಿಕ ವಿಭಾಗಕ್ಕೆ ಬಂದರು. ಅವರಿಗೆ ಸಿಕ್ಕ ಶಿಷ್ಯರಲ್ಲೊಬ್ಬರು ರೊದ್ದಂ ನರಸಿಂಹ, ಕನ್ನಡದಲ್ಲಿ ವಿಜ್ಞಾನ ಬರೆದ ಸೆಂಟ್ರಲ್ ಕಾಲೇಜಿನ ಮೇಷ್ಟ್ರು ಆರ್.ಎಲ್. ನರಸಿಂಹಯ್ಯನವರ ಮಗ.

ಅವರು ಹಿಡಿದ ಸಮಸ್ಯೆ ಇದು. ಚಪ್ಪಟೆ ಹಲಗೆಯ ಮೇಲೆ ಗಾಳಿ ಹರಿಯುವಾಗ ಮೊದಲು ನಯವಾಗಿ ಸಾಗುತ್ತದೆ, ಮುಂದೆ ಹೋದಂತೆ ಪ್ರಕ್ಷುಬ್ಧವಾಗುತ್ತದೆ. ನಡುವಿನ ಭಾಗದಲ್ಲಿ ಒಂದು ಕ್ಷಣ ನಯ, ಒಂದು ಕ್ಷಣ ಕಲಕು. ಯಾವ ಜಾಗದಲ್ಲಿ ಎಷ್ಟು ಪಾಲು ಹೊತ್ತು ಕಲಕು ಇರುತ್ತದೆ? ಕಲಕಿನ ಮಚ್ಚೆಗಳು ಹಲಗೆಯ ಎಲ್ಲೆಂದರಲ್ಲಿ ಹುಟ್ಟದೆ ಒಂದು ಕಿರಿದಾದ ಪಟ್ಟಿಯಲ್ಲೇ ಹುಟ್ಟುತ್ತವೆ ಎಂದು ಊಹಿಸಿದರೆ ಅಳತೆಗೂ ಲೆಕ್ಕಕ್ಕೂ ಹೊಂದಾಣಿಕೆಯಾಗುತ್ತದೆ ಎಂದು ನರಸಿಂಹ ತೋರಿಸಿದರು. ವಿಮಾನದ ರೆಕ್ಕೆಯ ಮೇಲಿನ ಘರ್ಷಣೆ ತಿಳಿಯಲು ಇದು ಬೇಕಾದ ಜ್ಞಾನ. ಈ ವಿಚಾರ 1957ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯಾಗಿ ಬಂತು, ನರಸಿಂಹ ಒಬ್ಬರದೇ ಹೆಸರಿನಲ್ಲಿ. ಮರುವರ್ಷ, 1958ರಲ್ಲಿ, ಪ್ರಯೋಗಗಳೆಲ್ಲ ಸೇರಿದ ದೊಡ್ಡ ಲೇಖನ ಧವನ್ ಮತ್ತು ನರಸಿಂಹ ಎಂಬ ಇಬ್ಬರ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ನಮ್ಮ ಮನೆಮಾಲೀಕರ ಮಗಳಿಗೆ ನಾನು ಮೊದಲು ಹೇಳಿದ್ದು ಈ ಎರಡು ವರ್ಷಗಳ, ಎರಡು ಲೇಖನಗಳ ಸಂಗತಿಯನ್ನೇ. ವಿಚಾರ ಶಿಷ್ಯನದಾಗಿದ್ದ ಕಡೆ ಶಿಷ್ಯನ ಹೆಸರು, ಕೆಲಸ ಕೂಡಿ ಮಾಡಿದ ಕಡೆ ಇಬ್ಬರದು.

ಇದೇ ನರಸಿಂಹ 1984ರಿಂದ 1993ರವರೆಗೆ ನಮ್ಮ ಪೂರ್ವ ಬೆಂಗಳೂರಿನ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಧವನ್ ಅವರ ಇನ್ನೊಂದು ಪ್ರಸಂಗವನ್ನು ಅಬ್ದುಲ್ ಕಲಾಂ ಅವರಿಂದ ನೀವು ಕೇಳಿಯೇ ಇರುತ್ತೀರಿ. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಕುಳಿತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರನ್ನು ಎದುರಿಸಲು ಕಲಾಂ ಅವರನ್ನು ಮುಂದೆ ಕಳಿಸಿ ತಾವು ಹಿಂದೆ ಉಳಿದರು.

ಕನ್ನಡದ ಹೆಣ್ಣುಮಗಳೊಬ್ಬಳ ಹೆಸರನ್ನೂ ಇಲ್ಲಿ ಸೇರಿಸಲೇಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಸಂಶೋಧನೆಗಾಗಿ ಸೇರಿದ ರಾಜೇಶ್ವರಿ, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಅಧ್ಯಾಪಕಿಯಾಗಿ ಅಲ್ಲಿಗೇ ಮರಳಿದರು. ರಾಜೇಶ್ವರಿ ಚಟರ್ಜಿ ಎಂದೇ ಪ್ರಸಿದ್ಧರಾದರು. ಸೂಕ್ಷ್ಮತರಂಗ ಮತ್ತು ಆಂಟೆನಾಗಳ ಕ್ಷೇತ್ರದಲ್ಲಿ 20 ಜನರಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು. ಒಂದು ಕಾಲಕ್ಕೆ ಹೆಣ್ಣಿಗೆ ಬಾಗಿಲು ಹಾಕಿದ್ದ ಸಂಸ್ಥೆಯಲ್ಲಿ ಇಪ್ಪತ್ತೇ ವರ್ಷಗಳ ನಂತರ ಒಬ್ಬ ಹೆಣ್ಣು ಗುರುಪೀಠದಲ್ಲಿದ್ದರು.

ಇದೆಲ್ಲ ಬರವಣಿಗೆಯ ನಿಯಮವಾದದ್ದು ತೀರ ಈಚೆಗೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮ ತಂದಿತು. ಮಹಾಪ್ರಬಂಧದ ಶೇಕಡ 10ಕ್ಕಿಂತ ಹೆಚ್ಚು ಭಾಗ ಬೇರೆಯವರ ಬರಹಕ್ಕೆ ಹೋಲಿದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಶೇಕಡ 60 ಮೀರಿದರೆ ನೋಂದಣಿಯೇ ರದ್ದು. ಮರುವರ್ಷ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ 2 ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಎಲ್ಲ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿತು. ಯಾರನ್ನು ಲೇಖಕರೆಂದು ಕರೆಯಬೇಕು ಎಂಬುದೂ ಆ ಪಾಠದಲ್ಲಿದೆ. 2022ರ ನಿಯಮಗಳ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದೇ ಕಾಲಕ್ಕೆ 8 ಸಂಶೋಧನ ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವಂತಿಲ್ಲ, ವಿದ್ಯಾರ್ಥಿಗಳಿಗೆ ಬೋಧನೆ ಮತ್ತು ಬರವಣಿಗೆಯ ತರಬೇತಿಯೂ ಸಿಗಬೇಕು. ಒಳ್ಳೆಯದೇ. ಆದರೆ ನೀತಿಯ ಪಾಠವನ್ನೂ ಗೈಡಿನ ನೋಟ್ಸ್ ಉರು ಹೊಡೆದು ಪಾಸು ಮಾಡುವವರನ್ನು ನಾನು ಕಂಡಿದ್ದೇನೆ. ಮೂವತ್ತು ಗಂಟೆಯಲ್ಲಿ ಕಲಿತದ್ದು ಮೂವತ್ತೊಂದನೆಯ ಗಂಟೆಯಲ್ಲಿ ಪ್ರಯೋಗಾಲಯದಲ್ಲಿ ಕಾಣದಿದ್ದರೆ ಹುಡುಗರು ಯಾವುದನ್ನು ನಂಬುತ್ತಾರೆ?

ನಮ್ಮ ವೃತ್ತಿಯಲ್ಲಿ ಕಾರ್ಯಕ್ರಮದ ಕೊನೆಗೆ ಪರದೆಯ ಮೇಲೆ ಹೆಸರುಗಳು ಓಡುತ್ತವೆ. ಕ್ಯಾಮೆರಾ, ಬೆಳಕು, ಧ್ವನಿ, ಸಂಕಲನ, ಪ್ರಸಾಧನ, ನಿರ್ಮಾಣ. ಯಾರು ಏನು ಮಾಡಿದರು ಎಂಬುದು ಹೆಸರಿನ ಪಕ್ಕದಲ್ಲೇ ಇರುತ್ತದೆ. ಬೆಳಕಿನವರ ಹೆಸರು ಬಿಟ್ಟುಹೋದರೆ ಮಾರನೆಯ ದಿನ ಕ್ಯಾಂಟೀನಿನಲ್ಲಿ ನಮಗೆ ಕಾಫಿ ಇಳಿಯುವುದಿಲ್ಲ. ವಿಜ್ಞಾನದ ಪತ್ರಿಕೆಗಳಲ್ಲೂ ಈಗ ಹಲವು ಕಡೆ ಯಾರು ಯಾವ ಕೆಲಸ ಮಾಡಿದರೆಂದು ಲೇಖನದ ಕೊನೆಗೆ ಬರೆಯಿಸುತ್ತಾರೆ. ಅದನ್ನು ಅವಳಿಗೆ ಹೇಳಿದೆ. ಜಗಳಕ್ಕೆ ಹೋಗಬೇಡ, ನಿನ್ನ ನೋಟ್ ಪುಸ್ತಕ ತೆಗೆದುಕೊಂಡು ಹೋಗು, ಯಾವ ದಿನ ಯಾವ ಅಳತೆ ಮಾಡಿದೆ ಎಂದು ತಾರೀಖಿನ ಪ್ರಕಾರ ಒಂದು ಪುಟ ಬರೆದುಕೊಂಡು ಹೋಗಿ ಕೇಳು ಎಂದೆ.

ಹೋಗಿ ಕೇಳಿದಳು. ಮುಂದಿನ ಲೇಖನದ ಕರಡಿಗೆ ಯಾರ ಪಾಲು ಏನೆಂಬ ಒಂದು ಪ್ಯಾರಾ ಈಗಲೇ ಸೇರಿಸೋಣ ಎಂದರಂತೆ ಅವಳ ಗೈಡು. ಅಚ್ಚಾಗಿ ಹೋದ ಲೇಖನದ ಬಗ್ಗೆ ಮಾತ್ರ ಮಾತೆತ್ತಲಿಲ್ಲವಂತೆ. "ಮತ್ತೆ ಕೇಳ್ಬೇಕು ಅಂಕಲ್" ಎಂದಳು. ಆಮೇಲೆ, ಅಣ್ಣಾ ಮಣಿ ಅವರ ಆ ಮಹಾಪ್ರಬಂಧ ಈಗ ಎಲ್ಲಿದೆ ಎಂದು ಕೇಳಿದಳು.

ಅದು ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಪದವಿ ಬಂದ ಇತರ ಮಹಾಪ್ರಬಂಧಗಳ ಜೊತೆಗೇ, ಅವುಗಳಂಥದೇ ರಟ್ಟು ಕಟ್ಟಿಸಿಕೊಂಡು ಕಪಾಟಿನಲ್ಲಿ ಕುಳಿತಿದೆ. ಹೊರಗಿನಿಂದ ನೋಡಿದರೆ ಯಾವುದಕ್ಕೆ ಪದವಿ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಹೇಳಲಾಗದು. ಹೊರ ವರ್ತುಲ ರಸ್ತೆಯಲ್ಲಿ ಹೆಬ್ಬಾಳದ ಬಸ್ಸು ಹತ್ತಿ, ಅಲ್ಲಿಂದ ಮೇಖ್ರಿ ವೃತ್ತಕ್ಕೆ ಇನ್ನೊಂದು ಬಸ್ಸು ಹಿಡಿದರೆ ಸಂಸ್ಥೆ ಹತ್ತಿರವೇ. ಶನಿವಾರ ಗ್ರಂಥಾಲಯ ತೆಗೆದಿರುತ್ತದೋ ಇಲ್ಲವೋ ಫೋನ್ ಮಾಡಿ ಕೇಳಿಕೊಂಡು ಹೋಗುತ್ತೇನೆ ಎಂದಳು.